ದೇವರ ಜಗಲಿಯ ಪಾಸ್‌ಪೋರ್ಟುಗಳು

ತೆಂಗಿನಕಾಯಿ ಇತ್ತು. ವೀಳ್ಯದೆಲೆ ಇತ್ತು. ಬೆಳ್ಳಿ ಕರಡಿಗೆಯೂ ಇದ್ದಲ್ಲೇ ಇತ್ತು. ಇಲ್ಲದ್ದು ಒಂದೇ, ಪಾಸ್‌ಪೋರ್ಟುಗಳ ಗಂಟು.

ಹೊಸಪೇಟೆಯ ಕೊಟ್ರಬಸಮ್ಮ ಬೆಳಗಿನ ಸ್ನಾನ ಮುಗಿಸಿ ದೇವರ ಮನೆಗೆ ಬಂದು ಜಗಲಿಯತ್ತ ನೋಡಿದಾಗ ಮೊದಲು ನಂಬಲಿಲ್ಲ. ಜಗಲಿಯ ಹಿಂದೆ ಕೈಯಾಡಿಸಿದಳು. ಬಗ್ಗಿ ಕೆಳಗೆ ನೋಡಿದಳು. ಆಮೇಲೆ ಅವಳು ಹಾಕಿದ ಕೂಗಿಗೆ ಮಾಳಿಗೆಯ ಮೇಲೆ ಮಲಗಿದ್ದ ಹೆಂಗಸರೆಲ್ಲ ಎದ್ದುಬಿದ್ದು ಇಳಿದು ಬಂದರು.

ಪಿಎಸ್‌ಐ ಗಂಗೋತ್ರಿ ಬಂದಾಗ ಮನೆ ಸಾವಿನ ಮನೆಯಂತಿತ್ತು. ಕಟ್ಟಿದ ಬ್ಯಾಗುಗಳು ಸಾಲಾಗಿ ನಿಂತಿದ್ದವು. ಅವುಗಳ ಒಡತಿಯರು ಗೋಡೆಗೊರಗಿ ಕುಳಿತಿದ್ದರು. ಗಂಗೋತ್ರಿ ಕಂಪ್ಲಿಯವಳು. ಮಾತು ಕಡಿಮೆ, ಕಣ್ಣು ಚುರುಕು. ಸುಳ್ಳು ಕೇಳಿದರೆ ಮೇಡಂಗೆ ಮೂಗು ತುರಿಸುತ್ತದೆ ಎಂದು ಠಾಣೆಯಲ್ಲಿ ತಮಾಷೆ ಮಾಡುತ್ತಿದ್ದರು. ಅವಳ ಹಿಂದೆಯೇ ಹೆಡ್ ಕಾನ್‌ಸ್ಟೇಬಲ್ ಉಜ್ಜಿನಪ್ಪ ಬಂದ. ಮೊದಲು ಅವನ ಹೊಟ್ಟೆ ಬಂತು, ಆಮೇಲೆ ಅವನು.

"ಏನೇನು ಹೋಗೈತಿ?"

"ಎಂಟು ಪಾಸ್‌ಪೋರ್ಟ್‌ರಿ ಮ್ಯಾಡಂ. ಬ್ಯಾರೆ ಏನೂ ಇಲ್ಲ. ಇವತ್ತ ರಾತ್ರಿ ಗಾಡಿಗೆ ಬೆಂಗಳೂರು. ಅಲ್ಲಿಂದ ವಿಮಾನ. ಮ್ಯೂನಿಕ್‌ನಾಗ ಇಳಿದು ರೈಲು ಹತ್ತಬೇಕು, ಸಂಜಿಗೆ ವಿಯೆನ್ನಾ."

ಕೊಟ್ರಬಸಮ್ಮ ಆ ಊರುಗಳ ಹೆಸರನ್ನು ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ ಎಂಬಷ್ಟು ಸಲೀಸಾಗಿ ಹೇಳಿದಳು. ಹೇಳದೇ ಏನು, ತಿಂಗಳುಗಟ್ಟಲೆ ಬಾಯಿಪಾಠ ಮಾಡಿದ್ದಳು. ಹಂಪಿಯ ಸುತ್ತ ಗೊನೆ ಕಡಿದ ಮೇಲೆ ತೋಟದಲ್ಲೇ ಕೊಳೆಯುವ ಬಾಳೆದಿಂಡಿನಿಂದ ನಾರು ತೆಗೆದು, ಚಾಪೆ ಚೀಲ ಹೆಣೆಯುವ ಹೆಂಗಸರ ಸಂಘ ಅವಳದು. ಆಸ್ಟ್ರಿಯಾ ದೇಶದ ರಾಜಧಾನಿ ವಿಯೆನ್ನಾದಲ್ಲಿ ಕೈಕಸುಬಿನ ದೊಡ್ಡ ಮೇಳ. ಅಲ್ಲಿಯವರೇ ವಿಮಾನದ ಟಿಕೆಟ್ಟನ್ನೂ ರೈಲಿನ ಟಿಕೆಟ್ಟನ್ನೂ ಕೊಟ್ರಬಸಮ್ಮನ ಮೊಬೈಲಿಗೆ ಕಳಿಸಿದ್ದರು. ಹೊರಟವರು ಏಳು ಹೆಂಗಸರು, ದಾರಿ ತೋರಿಸಲು ಒಬ್ಬ ಗಂಡಸು.

"ಪಾಸ್‌ಪೋರ್ಟ್ ದೇವರ ಮುಂದ ಯಾಕ ಇಟ್ಟಿದ್ರಿ?"

"ಯಾತ್ರಿಗೆ ಹೊರಡೋ ಹಿಂದಿನ ದಿನ ಇಡ್ತೀವಲ್ರಿ. ನಿನ್ನಿ ಸಂಜಿ ಎಲ್ಲಾರೂ ಕೂಡಿ ಪೂಜಿ ಮಾಡಿದ್ವಿ. ಕೆಂಪು ವಸ್ತ್ರದಾಗ ಕಟ್ಟಿ, ಕುಂಕುಮ ವಿಭೂತಿ ಹಚ್ಚಿ, ಮ್ಯಾಲೆ ಕಾಯಿ ಇಟ್ಟಿದ್ವಿ." ಅವಳ ದನಿ ಒಡೆಯಿತು. "ಆರು ಮನಿಗೂ ಹೋಗಿ, ಅತ್ತಿ, ಮಾವ, ಗಂಡ ಅಂತ ಒಬ್ಬೊಬ್ಬರ ಕಾಲು ಹಿಡಿದು ಒಪ್ಪಿಸೀನ್ರಿ. ಈ ಸಲ ನಿಂತ್ರ ಮುಗೀತು. ನೋಡಿದ್ರಾ, ದೇವರಿಗೇ ಬ್ಯಾಡಾಗಿತ್ತು ಅಂತಾರ. ಇನ್ನೊಮ್ಮೆ ಈ ಹೆಣ್ಮಕ್ಕಳನ್ನ ಹುಬ್ಬಳ್ಳಿಗೂ ಕಳಸಂಗಿಲ್ಲ."

ಗಂಗೋತ್ರಿಗೆ ಆ ಮಾತು ಎದೆಗೆ ನಾಟಿತು. ಪೊಲೀಸ್ ಕೆಲಸಕ್ಕೆ ಸೇರುವಾಗ ಅವಳ ಮನೆಯಲ್ಲೂ ಇಂಥದ್ದೇ ರಾಮಾಯಣ ನಡೆದಿತ್ತು.

ಅವಳು ಹೊಸ್ತಿಲಲ್ಲೇ ನಿಂತು ದೇವರ ಮನೆ ನೋಡಿದಳು. ನಿನ್ನೆ ಗಂಟಿನ ಮೇಲಿದ್ದ ಕಾಯಿ ಈಗ ವೀಳ್ಯದೆಲೆಯ ಮೇಲಿತ್ತು. ಉರುಳಿಬಿದ್ದದ್ದಲ್ಲ. ಯಾರೋ ಎಲೆಗಳನ್ನು ಸರಿಮಾಡಿ, ಜುಟ್ಟು ಮೇಲೆ ಬರುವಂತೆ ಕೂರಿಸಿದ್ದರು. ಕೊಟ್ರಬಸಮ್ಮ ಸ್ನಾನಕ್ಕೆ ಹೋಗುವ ಮುಂಚೆ ಒದ್ದೆ ಬಟ್ಟೆಯಲ್ಲಿ ನೆಲ ಒರೆಸಿದ್ದಳು. ಆಗ ಗಂಟು ಇದ್ದಲ್ಲೇ ಇತ್ತು. ಅದಿರು ಲಾರಿಗಳು ಓಡಾಡುವ ಊರು. ಚಪ್ಪಲಿ ಹಾಕಿಕೊಂಡು ಯಾರು ಒಳಗೆ ಬಂದರೂ ಕೆಂಪು ಗುರುತು ಬೀಳಲೇಬೇಕು. ನೆಲದ ಮೇಲೆ ಒಂದು ಗುರುತೂ ಇರಲಿಲ್ಲ.

"ಕಳ್ಳ ಚಪ್ಪಲಿ ಬಿಟ್ಟು ಬಂದಾನ. ಕಾಯಿಗೂ ಮರ್ಯಾದಿ ಕೊಟ್ಟಾನ," ಎಂದಳು ಗಂಗೋತ್ರಿ.

"ಭಾಳ ಸಂಸ್ಕಾರವಂತ ಕಳ್ಳ ನೋಡ್ರಿ ಮ್ಯಾಡಂ," ಎಂದ ಉಜ್ಜಿನಪ್ಪ.

"ಬೆಳಿಗ್ಗೆ ಇಲ್ಲಿಗೆ ಯಾರು ಬಂದಿದ್ರು?"

ಉತ್ತರ ಕೊಟ್ಟವಳು ಪಾಪಿನಾಯಕನಹಳ್ಳಿಯ ದುರುಗವ್ವ. ಗುಂಪಿನಲ್ಲೇ ಹಿರಿಯಳು. ಮೊಣಕಾಲು ನೋವಿಗೆ ಮಾಳಿಗೆ ಹತ್ತಲಾಗದೆ ಪಡಸಾಲೆಯಲ್ಲೇ ಮಲಗಿದ್ದವಳು. "ಯಾರೂ ಬಂದಿಲ್ಲವ್ವ. ವಿಯೆನ್ನಾ ಸರ್ ಒಬ್ರು ಬಂದಿದ್ರು, ಬ್ಯಾಗಿಗೆ ಕಟ್ಟೋ ಚೀಟಿ ಕೊಡಾಕ. ಒಳಗ ಬರ್ರಿ ಅಂದೆ. ಸ್ನಾನ ಆಗಿಲ್ಲ ಅಜ್ಜಿ, ಕಟ್ಟೀ ಮ್ಯಾಲೇ ಕುಂದ್ರತೀನಿ ಅಂದ್ರು. ನೀರು ಕೇಳಿದ್ರು. ನಾನೇ ಅಡಿಗಿಮನಿಗೆ ಹೋಗಿ ತಂದು ಕೊಟ್ಟೆ. ಕುಡಿದು ಹೋದ್ರು."

ವಿಯೆನ್ನಾ ಸರ್ ಎಂದರೆ ಲಿಂಗರಾಜ್. ದಾರಿ ತೋರಿಸಲು ಹೊರಟಿದ್ದ ಆ ಒಬ್ಬ ಗಂಡಸು. ಊರಲ್ಲಿ ಇಂಗ್ಲಿಷ್ ಕಲಿಸುವ ಕೋಚಿಂಗ್ ಸೆಂಟರ್ ನಡೆಸುತ್ತಿದ್ದ. ಹರೆಯದಲ್ಲಿ ಎರಡು ವರ್ಷ ವಿಯೆನ್ನಾದಲ್ಲಿ ಕೆಲಸ ಮಾಡಿ ಬಂದವನೆಂದು ಹೊಸಪೇಟೆಗೆಲ್ಲ ಗೊತ್ತು. ಸುದ್ದಿ ಕೇಳಿ ಆಗಲೇ ಓಡಿಬಂದಿದ್ದ. ಇಸ್ತ್ರಿ ಶರ್ಟು, ಮೂಗಿನ ತುದಿಗೆ ಕನ್ನಡಕ, ಒಬ್ಬೊಬ್ಬರಿಗೂ ಸಮಾಧಾನ ಹೇಳುತ್ತ ಓಡಾಡುತ್ತಿದ್ದ.

"ಹೊಸ ಪಾಸ್‌ಪೋರ್ಟಿಗೆ ಅರ್ಜಿ ಹಾಕಬಹುದು ಮೇಡಂ. ಆದರೆ ವೀಸಾ ಮತ್ತೆ ಮೊದಲಿನಿಂದ ಆಗಬೇಕು," ಎಂದು ಅವನು ನಿಟ್ಟುಸಿರುಬಿಟ್ಟ. "ಈ ಸಲದ ಮೇಳ ತಪ್ಪಿದ ಹಾಗೆಯೇ. ನನಗೂ ಹಳೆಯ ಊರು ನೋಡುವ ಆಸೆಯಿತ್ತು."

"ದೇವರಂಥ ಮನಿಷಾ," ಎಂದಳು ದುರುಗವ್ವ. "ನನ್ನ ಮೊಣಕಾಲು ನೋಡಿ, ಆ ದೇಶದ ರೈಲಿನಾಗ ನಿನಗ ಲೋವರ್ ಬರ್ತ್ ಐತಿ ಅಜ್ಜಿ, ಕಾಳಜಿ ಬ್ಯಾಡ ಅಂದಿದ್ರು."

ಒಳ್ಳೆಯ ಮನುಷ್ಯ ಎಂದುಕೊಂಡಳು ಗಂಗೋತ್ರಿ. ಅವಳ ಅಮ್ಮನಿಗೂ ಮೊಣಕಾಲು ನೋವಿತ್ತು. ಲೋವರ್ ಬರ್ತಿಗಾಗಿ ಅವಳೂ ಎಷ್ಟೋ ಸಲ ಟಿಸಿಗಳ ಮುಂದೆ ಹಲ್ಲು ಗಿಂಜಿದ್ದಳು.

"ಎಲ್ಲಾರೂ ಇಲ್ಲೇ ಇರ್ರಿ. ನಾ ಬರೋ ಮಟ ಯಾರೂ ಮನಿ ಬಿಡಂಗಿಲ್ಲ. ಸರ್, ನೀವೂ," ಎಂದು ಬಾಗಿಲಿಗೆ ಒಬ್ಬ ಕಾನ್‌ಸ್ಟೇಬಲ್‌ನನ್ನು ನಿಲ್ಲಿಸಿದಳು.

ಅಷ್ಟರಲ್ಲಿ ಎದುರು ಮನೆಯವರು ಒಂದು ಸುದ್ದಿ ಕೊಟ್ಟರು. ಬೆಳಕು ಹರಿಯುವ ಹೊತ್ತಿಗೆ ಓಣಿಯ ತುದಿಯಲ್ಲಿ ಒಂದು ಅದಿರಿನ ಟಿಪ್ಪರ್ ನಿಂತಿತ್ತಂತೆ. ಅದನ್ನು ಕೇಳಿದ್ದೇ ತಡ, ಮೂಲೆಯಲ್ಲಿದ್ದ ಸುನಿತಾ ಎಂಬ ಹುಡುಗಿ ಮುಖಕ್ಕೆ ಸೆರಗು ಮುಚ್ಚಿಕೊಂಡಳು.

"ನಮ್ಮ ಮನಿಯವರದ್ರಿ," ಎಂದಳು. "ಹುಲಿಗೇಶ್ ಅಂತ. ಸಂಡೂರಾಗ ಟಿಪ್ಪರ್ ಹೊಡೀತಾರ. ನಿನ್ನಿ ಫೋನಿನಾಗ ಜಗಳಾಡಿದ್ರು. ಪಾಸ್‌ಪೋರ್ಟ್ ಸುಟ್ಟಹಾಕ್ತೀನಿ ಅಂದಿದ್ರು."

* * *

ಸಂಡೂರಿನ ದಾರಿಯುದ್ದಕ್ಕೂ ಜೀಪಿನ ಹಿಂದಿನಿಂದ ಏನೋ ಲಟಲಟ ಸದ್ದು ಬರುತ್ತಿತ್ತು. ಗಂಗೋತ್ರಿ ತಿರುಗಿ ನೋಡಿದಳು. ಪೇಪರಿನಲ್ಲಿ ಸುತ್ತಿದ ಚೌಕಟ್ಟಿನ ಪಟವೊಂದು ಸೀಟಿಗೆ ಬಡಿಯುತ್ತಿತ್ತು.

"ಅದೇನ್ರಿ?"

"ದೇವರ ಪಟ ಮ್ಯಾಡಂ. ಗಾಜು ಒಡದೈತಿ. ಮನಿಯಾಕಿ ಬಿಟ್ಟು ಬಾ ಅಂದಿದ್ಲು, ಮರತೇಬಿಟ್ಟೀನಿ," ಎಂದ ಉಜ್ಜಿನಪ್ಪ.

ಅವಳ ತಲೆಯಲ್ಲಿ ಹುಲಿಗೇಶನೇ ತುಂಬಿದ್ದ. ನಡುವೆ ಕಂಪ್ಲಿ ಠಾಣೆಯಿಂದ ಫೋನ್ ಬಂತು. ಎಮ್ಮಿಗನೂರಿನ ರೇಣುಕಮ್ಮನನ್ನು ವಿಚಾರಿಸಲು ಅವಳೇ ಹೇಳಿದ್ದಳು. ಸಂಘದಲ್ಲಿ ವೀಸಾ ಸಿಗದೆ ಹಿಂದೆ ಉಳಿದವಳು ರೇಣುಕಮ್ಮ ಒಬ್ಬಳೇ. ಹೊಟ್ಟೆಕಿಚ್ಚಿಗೆ ಮಾಡಿದ್ದರೂ ಮಾಡಿರಬಹುದು. ಆದರೆ ಆಕೆ ರಾತ್ರಿಯೆಲ್ಲ, ಬೆಳಗಾದ ಮೇಲೂ ಅಂಗಳದಲ್ಲಿ ಕುಳಿತು, ಮೇಳಕ್ಕೆ ಕಳಿಸುವ ಕಡೆಯ ಚಾಪೆ ಹೆಣೆಯುತ್ತಿದ್ದಳಂತೆ. ಓಣಿಯೇ ಸಾಕ್ಷಿ. ಸುದ್ದಿ ಕೇಳಿ ಚಾಪೆ ಕೈಬಿಟ್ಟು ಅತ್ತಳಂತೆ. ಗಂಗೋತ್ರಿ ಆ ಹೆಸರನ್ನು ಮನಸ್ಸಿನಿಂದ ತೆಗೆದುಹಾಕಿದಳು.

ಹುಲಿಗೇಶ್ ಸಂಡೂರಿನ ಗಣಿ ರಸ್ತೆಯ ಚಹಾದಂಗಡಿಯ ಹತ್ತಿರ ಸಿಕ್ಕ. ತಲೆಯಿಂದ ಕಾಲಿನವರೆಗೆ ಅದಿರಿನ ಕೆಂಪು. ಪೊಲೀಸರನ್ನು ಕಂಡು ಗ್ಲಾಸು ಕೆಳಗಿಟ್ಟು ಎದ್ದು ನಿಂತ.

"ಬೆಳಿಗ್ಗೆ ಹೊಸಪೇಟಿಗೆ ಯಾಕ ಬಂದಿದ್ದಿ?"

"ಸುಮ್ನ ಬಂದಿದ್ನಿರಿ."

ಗಂಗೋತ್ರಿಗೆ ಮೂಗು ತುರಿಸಿತು. "ಟಿಪ್ಪರಿನಾಗ ಏನೈತಿ, ನೋಡ್ರಿ ಉಜ್ಜಿನಪ್ಪ."

ಉಜ್ಜಿನಪ್ಪ ಕ್ಯಾಬಿನ್ನಿನ ಸೀಟಿನಡಿ ಕೈಹಾಕಿ ಒಂದು ಕವರ್ ಎಳೆದ. ಒಳಗಿದ್ದದ್ದು ದಪ್ಪನೆಯ ನೀಲಿ ಸ್ವೆಟರ್. ಮೇ ತಿಂಗಳ ಸಂಡೂರಿನ ಬಿಸಿಲಿನಲ್ಲಿ ಅದನ್ನು ನೋಡಿದರೇ ಬೆವರು ಬರುತ್ತಿತ್ತು.

ಹುಲಿಗೇಶ್ ನೆಲ ನೋಡಿದ. "ಅಲ್ಲಿ ಭಾಳ ಥಂಡಿ ಅಂತ್ರಿ. ಸಿಟ್ಟಿನಾಗ ಏನೇನೋ ಅಂದಿದ್ದೆ. ಕೊಟ್ಟು ಬರೋಣ ಅಂತ ಹೋದೆ. ಮನಿ ಮುಂದ ಕರೆಯಾಕ ಯಾರೂ ಇರಲಿಲ್ಲ, ಕಟ್ಟಿ ಖಾಲಿ ಇತ್ತು. ಮೆಟ್ಟಿಲ ಕೆಳಗ ಗಂಡಸರ ಚಪ್ಪಲಿ ಇದ್ವು. ಒಳಗ ಯಾರೋ ದೊಡ್ಡವರು ಅದಾರ, ಅವರ ಮುಂದ ಹೆಂಗ ಕೊಡೋದು ಅಂತ ನಾಚಿಕಿ ಆತು. ವಾಪಸ್ ಬಂದೆ. ಮ್ಯಾಡಂ, ನೀವೇ ಕೊಟ್ಟುಬಿಡ್ರಿ."

"ನೀನೇ ಬಂದು ಕೊಡು. ನಿನ್ನಿಂದ ನನಗ ಇನ್ನೊಂದು ಕೆಲಸ ಐತಿ."

ಈ ಮೈಯಲ್ಲಿ ಅವನು ಬರಿಗಾಲಲ್ಲಿ ಹೋಗಿದ್ದರೂ ಆ ಒದ್ದೆ ನೆಲ ಕೆಂಪಾಗುತ್ತಿತ್ತು. ಹುಲಿಗೇಶ್ ಕಳ್ಳನಲ್ಲ. ಆದರೆ ಅವನು ಕಂಡ ಆ ಚಪ್ಪಲಿ ಗಂಗೋತ್ರಿಯ ತಲೆ ಕೊರೆಯತೊಡಗಿತು. ಕೊಟ್ರಬಸಮ್ಮನ ಮನೆಯಲ್ಲಿ ಗಂಡಸರಿಲ್ಲ. ಬೆಳಿಗ್ಗೆ ಬಂದ ಗಂಡಸು ಒಬ್ಬನೇ. ಅವನು ಕಟ್ಟೆ ಬಿಟ್ಟು ಏಳಲೇ ಇಲ್ಲ ಎಂದು ದುರುಗವ್ವ ಹೇಳುತ್ತಿದ್ದಾಳೆ.

"ಲಿಂಗರಾಜ್ ಸರ್ರ?" ಉಜ್ಜಿನಪ್ಪ ನಕ್ಕೇಬಿಟ್ಟ. "ಕರಕೊಂಡು ಹೋಗೋರೇ ಅವರು. ಪುಕ್ಕಟೆ ವಿಯೆನ್ನಾ ಬಿಟ್ಟು, ತಮ್ಮ ಪಾಸ್‌ಪೋರ್ಟು ತಾವೇ ಯಾಕ ಕದೀತಾರ್ರಿ?"

ಗಂಗೋತ್ರಿ ಜೀಪು ಹತ್ತಿ ಹಂಪಿಯ ಕಡೆ ಹೊರಡಲು ಹೇಳಿದಳು.

* * *

ಹಂಪಿಯಲ್ಲಿ ಗೆಸ್ಟ್ ಹೌಸ್ ನಡೆಸುವ ಹಂಪಕ್ಕ ಫೋನ್ ಮಾಡಿದ್ದಳು. ಪಾಸ್‌ಪೋರ್ಟುಗಳ ಜೆರಾಕ್ಸ್ ತನ್ನ ಹತ್ತಿರ ಇವೆ, ಬೇಕಾದರೆ ಬನ್ನಿ ಎಂದು. ಸಂಘದ ಹೆಂಗಸರು ಪ್ರಯಾಣದ ತಯಾರಿ ನಡೆಸಿದ್ದು ಅವಳ ಹಾಲಿನಲ್ಲೇ.

ಹಾಲಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ದಾರಿ ಬರೆದಿತ್ತು. ಹೊಸಪೇಟೆ, ಬೆಂಗಳೂರು, ಮ್ಯೂನಿಕ್, ವಿಯೆನ್ನಾ. ನೆಲದ ಮೇಲೆ ಪ್ಲಾಸ್ಟಿಕ್ ಕುರ್ಚಿಗಳು ಎದುರುಬದುರು. ಅವುಗಳ ಮೇಲೆ ಉದ್ದುದ್ದ ಹಲಗೆಗಳು.

"ಇದು ರೈಲ್ರಿ ಮ್ಯಾಡಂ," ಎಂದಳು ಹಂಪಕ್ಕ. "ಸರ್ ಮಾಡಿ ತೋರಿಸಿದ್ದು. ಬ್ಯಾಗಿಗೆ ಚೈನು ಹಾಕಿ ಸೀಟಿನ ಕೆಳಗ ಬೀಗ ಹಾಕೋದು, ಮಿಡಲ್ ಬರ್ತ್ ಎತ್ತೋದು, ಚಾದರ ಹಾಸೋದು, ಎಲ್ಲಾ ಪ್ರಾಕ್ಟೀಸು ಆಗೈತಿ. ದುರುಗವ್ವ ಅಜ್ಜಿ ಈ ಹಲಗಿ ಮ್ಯಾಲೆ ನಿದ್ದಿನೂ ಮಾಡ್ಯಾಳ."

ಉಜ್ಜಿನಪ್ಪ ಹಲಗೆಯ ಮೇಲೆ ಕುಳಿತು ನೋಡಿದ. ಅದು ಕಿರುಗುಟ್ಟಿತು.

ಗಂಗೋತ್ರಿ ಗೋಡೆಯನ್ನೇ ನೋಡುತ್ತ ನಿಂತಳು. ಗಂಟು ಸಂಜೆಗೆ ಸಿಕ್ಕರೆ ಸರಿ. ನಾಳೆ ಸಿಕ್ಕರೆ? ಮುಂದಿನ ವಿಮಾನ ಹಿಡಿಸಿದರೂ ಆ ರೈಲು ತಪ್ಪುತ್ತದೆ. ಬೇರೆ ರೈಲು ಇದೆಯೋ ಇಲ್ಲವೋ. ಕಳ್ಳನನ್ನು ಹಿಡಿದು ಹೆಂಗಸರನ್ನು ಇಲ್ಲೇ ಉಳಿಸಿದರೆ ಆ ಹಿಡಿದ ಸುಖವೇನು?

"ಹಂಪಕ್ಕ, ಈ ಮ್ಯೂನಿಕ್‌ನಿಂದ ವಿಯೆನ್ನಾಕ್ಕ ಬ್ಯಾರೆ ಗಾಡಿ ಎಷ್ಟು ಅದಾವ, ನೋಡಾಕ ಬರತೈತೇನು?"

"ಬರತೈತ್ರಿ, ಕುಂದರ್ರಿ." ಹಂಪಕ್ಕ ಲ್ಯಾಪ್‌ಟಾಪ್ ತೆರೆದಳು. ದಿನಾ ಟೂರಿಸ್ಟುಗಳಿಗೆ ಬಸ್ಸು, ರೈಲು ನೋಡಿ ಕೊಡುವ ಕೈ. "ಭಾಳ ಅದಾವ್ರಿ. ತಾಸೆರಡು ತಾಸಿಗೆ ಒಂದು. ನಾಕು ತಾಸಿನ ದಾರಿ. ಇವರ ಟಿಕೇಟು ಮಧ್ಯಾಹ್ನದ ಗಾಡೀದು. ನೋಡ್ರಿ, ಬೋಗಿ ಒಳಗೂ ತೋರಿಸ್ತೈತಿ."

ಪರದೆಯ ಮೇಲೆ ಬೋಗಿಯ ಚಿತ್ರ ಬಂತು. ಎರಡೆರಡು ಸೀಟುಗಳ ಸಾಲು. ನಡುವೆ ದಾರಿ. ಅಲ್ಲಲ್ಲಿ ಮೇಜು. ಗಂಗೋತ್ರಿ ಒಂದು ಬೋಗಿ ನೋಡಿದಳು. ಇನ್ನೊಂದನ್ನೂ ನೋಡಿದಳು.

"ಬರ್ತ್ ಎಲ್ಲಿ?"

"ಊಟ ಮಾಡಿ ಹತ್ತಿದ್ರ ಸಂಜಿಗೆ ಇಳಿಯೋ ಗಾಡಿರಿ ಇದು. ಕುಂತು ಹೋಗೋದು. ಬರ್ತ್ ಯಾಕ..." ಹಂಪಕ್ಕನ ಮಾತು ಅರ್ಧಕ್ಕೇ ನಿಂತಿತು. ಅವಳ ಕಣ್ಣು ಹಲಗೆಗಳ ಕಡೆ ಹೋಯಿತು.

"ನೀ ಅವರಿಗೆ ಹೇಳಲಿಲ್ಲೇನು?"

"ನಾ ಅಡಿಗಿಮನ್ಯಾಗ ಇರತಿದ್ದೆ. ಹಲಗಿ ನೋಡಿದ್ರೂ, ಎರಡು ವರ್ಷ ಅಲ್ಲೇ ಇದ್ದವರಿಗೆ ನಾ ಏನು ಹೇಳೋದು ಅಂದ್ಕೊಂಡೆ. ಈಗ ತಿಳೀತೈತ್ರಿ. ಹೋದ ತಿಂಗಳು ವಿಯೆನ್ನಾದ ಗಂಡ ಹೆಂಡತಿ ಇಲ್ಲಿ ಉಳಕೊಂಡಿದ್ರು. ಬರ್ರಿ ಸರ್, ನಿಮ್ಮ ಊರಿನವರು ಅಂತ ನಾಕು ಸಲ ಕರದೆ. ಒಮ್ಮೆ ಜ್ವರ ಅಂದ್ರು. ಒಮ್ಮೆ ಕ್ಲಾಸ್ ಅಂದ್ರು. ಬರಲೇ ಇಲ್ಲ."

ಗಂಗೋತ್ರಿಯ ಮೂಗು ಈಗ ಜೋರಾಗಿಯೇ ತುರಿಸಿತು. ಲೋವರ್ ಬರ್ತ್ ಕೇಳಿ ತಾನು ಮೆಚ್ಚಿ ತಲೆದೂಗಿದ್ದು ನೆನೆದು ಅವಳಿಗೆ ನಗುವೂ ಬಂತು, ನಾಚಿಕೆಯೂ ಆಯಿತು. ಹೊಸಪೇಟೆಯಲ್ಲಿ ರೈಲೆಂದರೆ ಎಲ್ಲರಿಗೂ ಬೆಂಗಳೂರಿನ ರಾತ್ರಿ ಗಾಡಿಯೇ. ಮಾತು ಕೇಳಿದವರಲ್ಲಿ ಒಬ್ಬರಿಗೂ ಅನುಮಾನ ಬಂದಿರಲಿಲ್ಲ. ಹೇಳಿದವನಿಗೂ ಬಂದಿರಲಿಲ್ಲ.

* * *

ಜೀಪು ಹೊಸಪೇಟೆಯ ಕಡೆ ಓಡಿತು.

"ಸರ್ರೇ ಅಂದ್ರ ಸರ್ರೇ," ಎಂದ ಉಜ್ಜಿನಪ್ಪ. "ಆದ್ರ ಗಂಟು ಎಲ್ಲಿ? ಸುಟ್ಟಿದ್ರ ಮುಗೀತಲ್ರಿ."

ಅದೇ ಭಯ ಗಂಗೋತ್ರಿಗೂ ಇತ್ತು. ತಪ್ಪು ಒಪ್ಪಿಸಿ ಏನು ಪ್ರಯೋಜನ, ಏಳು ಪಾಸ್‌ಪೋರ್ಟು ಬೂದಿಯಾಗಿದ್ದರೆ? ಹಿಂದೆ ಪಟ ಲಟಲಟ ಅಂದಿತು. ಅವಳು ತಟ್ಟನೆ ತಿರುಗಿದಳು.

"ಉಜ್ಜಿನಪ್ಪ, ಆ ಪಟ ಯಾಕ ಇನ್ನೂ ಇಟ್ಕೊಂಡೀರಿ? ಕಸದ ಗಾಡಿಗೆ ಹಾಕಿದ್ರ ಆಗತಿತ್ತು."

ಉಜ್ಜಿನಪ್ಪ ಗಾಬರಿಯಾದ. "ಏನಂತೀರಿ ಮ್ಯಾಡಂ. ಪೂಜಿ ಆದದ್ದು. ಕಸಕ್ಕ ಹಾಕಂಗಿಲ್ಲ, ಸುಡಂಗಿಲ್ಲ. ಹರಿಯೋ ನೀರಿಗೆ ಬಿಡಬೇಕು. ಇಲ್ಲಾ, ಅರಳಿಮರದ ಕಟ್ಟಿ ಮ್ಯಾಲೆ ಇಟ್ಟು ಕೈ ಮುಗಿದು ಬರಬೇಕು."

"ಆ ಗಂಟಿಗೂ ಪೂಜಿ ಆಗೈತಿ. ಕುಂಕುಮ, ವಿಭೂತಿ. ಕಾಯಿನ್ನ ಕೂಡ ಎಲಿ ಮ್ಯಾಲೆ ಕೂರಿಸಿ ಹೋದ ಮನಿಷಾ ಅದನ್ನ ಸುಡತಾನೇನು?"

ಉಜ್ಜಿನಪ್ಪ ಹಿಂದಿನ ಪಟದತ್ತ ತಿರುಗಿ ನೋಡಿದ.

"ಲಿಂಗರಾಜ್ ಮನಿ ಎಲ್ಲಿ?"

"ಕಾಲುವಿ ದಂಡಿ ಮ್ಯಾಲೇ."

"ಕಾಲುವಿಯಾಗ ನೀರು?"

"ಮೇ ತಿಂಗಳಾಗ ಎಲ್ಲಿ ನೀರ್ರಿ. ಹುಡುಗ್ರು ಕ್ರಿಕೆಟ್ ಆಡಾಕತ್ಯಾರ."

"ನದಿಗೆ ಹೋಗಿ ಬರೋವಷ್ಟು ಹೊತ್ತು ಅವನಿಗೆ ಸಿಕ್ಕಿಲ್ಲ. ಕೊಟ್ರಬಸಮ್ಮ ಕೂಗಿದ ತಕ್ಷಣ ಫೋನು ಹೋಗೈತಿ, ಬಂದಾನ. ಆಮ್ಯಾಲೆ ನಾನೇ ಮನಿ ಬಿಡಬ್ಯಾಡ ಅಂದೀನಿ. ದಾರಿಯಾಗ ಅರಳಿಮರ ಐತೇನು?"

ಇತ್ತು. ಕಾಲುವೆಯ ಏರಿಯ ಮೇಲೆ, ಕಲ್ಲಿನ ಕಟ್ಟೆ ಸಮೇತ. ಬುಡದಲ್ಲಿ ಊರಿನ ಬೇಡವಾದ ದೇವರುಗಳೆಲ್ಲ ಒರಗಿದ್ದರು. ಒಡೆದ ಪಟಗಳು, ಬಣ್ಣ ಹೋದ ಕ್ಯಾಲೆಂಡರುಗಳು, ಕಿವಿ ಮುರಿದ ಮಣ್ಣಿನ ಗಣಪ. ಉಜ್ಜಿನಪ್ಪ ಮೊದಲು ತನ್ನ ಪಟ ಇಟ್ಟು ಕೈ ಮುಗಿದ. ಆಮೇಲೆ ಇಬ್ಬರೂ ಒಂದೊಂದೇ ಸರಿಸುತ್ತ ಹೋದರು. ಮರದ ಹಿಂದಿನ ಬದಿ, ದೊಡ್ಡ ಪಟವೊಂದರ ಬೆನ್ನಿಗೆ ಉಜ್ಜಿನಪ್ಪನ ಕೈ ಹೋಯಿತು.

"ಮ್ಯಾಡಂ," ಎಂದ. ಅವನ ದನಿ ಬದಲಾಗಿತ್ತು.

ಕೆಂಪು ವಸ್ತ್ರ. ಬಿಚ್ಚದ ಗಂಟು. ಮೇಲೆ ಮೂರು ಬೆರಳಿನ ವಿಭೂತಿ ಹಾಗೇ ಇತ್ತು. ಗಂಗೋತ್ರಿ ಫೋಟೋ ತೆಗೆಸಿದಳು, ಅಲ್ಲಿದ್ದ ಇಬ್ಬರನ್ನು ಕರೆದು ಪಂಚನಾಮೆ ಬರೆಸಿದಳು. ಆಮೇಲೆ ಯಾರಿಗೂ ಕಾಣದಂತೆ ಮರದ ಕಡೆ ತಿರುಗಿ, ಕಣ್ಣೊರೆಸಿಕೊಂಡಳು.

* * *

ಕೊಟ್ರಬಸಮ್ಮನ ಪಡಸಾಲೆಯಲ್ಲಿ ಎಲ್ಲರೂ ಇದ್ದರು. ಹುಲಿಗೇಶ್ ಬಾಗಿಲ ಹತ್ತಿರ ಕವರ್ ಹಿಡಿದು ನಿಂತಿದ್ದ. ಅವನನ್ನು ನೋಡದಂತೆ ಸುನಿತಾ ಕುಳಿತಿದ್ದಳು.

"ಲಿಂಗರಾಜ್ ಸರ್," ಎಂದಳು ಗಂಗೋತ್ರಿ. "ಇವರು ಹೊರಡೋ ಹಂಗಾದ್ರ ಹೊತ್ತು ಸಿಗಂಗಿಲ್ಲ. ಮ್ಯೂನಿಕ್‌ನಾಗ ಗಾಡಿ ಹತ್ತಿದ ಮ್ಯಾಲೆ ಏನೇನು ಮಾಡಬೇಕು, ಒಮ್ಮೆ ಹೇಳಿಬಿಡ್ರಿ. ನಾನೂ ಕೇಳ್ತೀನಿ."

ಲಿಂಗರಾಜ್ ಕನ್ನಡಕ ಸರಿಮಾಡಿಕೊಂಡ. ಪಾಠ ಹೇಳುವುದೆಂದರೆ ಅವನಿಗೆ ಜೀವ ಬರುತ್ತಿತ್ತು. "ಮೊದಲು ಬೋಗಿ ಹುಡುಕಬೇಕು. ಸಾಮಾನು ಕೆಳಗಿಟ್ಟು ಚೈನು ಹಾಕಬೇಕು. ಅಜ್ಜಿಗೆ ಲೋವರ್ ಬರ್ತ್. ಮಿಕ್ಕವರು ಮಿಡಲ್, ಅಪ್ಪರ್. ಚಾದರ ಅವರೇ ಕೊಡುತ್ತಾರೆ."

"ಮಧ್ಯಾಹ್ನದ ಗಾಡಿಯಾಗ ಚಾದರ ಯಾಕ್ರಿ?"

"ದೂರದ ಗಾಡಿ ಮೇಡಂ. ಅಲ್ಲಿ ಎಲ್ಲ ಗಾಡಿಗಳೂ ಹಾಗೆಯೇ. ನಾನು ಎಷ್ಟು ಸಲ ಓಡಾಡಿದ್ದೇನೆ."

ಗಂಗೋತ್ರಿ ಮೊಬೈಲಿನಲ್ಲಿದ್ದ ಬೋಗಿಯ ಚಿತ್ರವನ್ನು ಸುನಿತಾಳ ಕೈಗೆ ಕೊಟ್ಟಳು. "ಇದು ನಿಮ್ಮ ಟಿಕೇಟಿನ ಗಾಡಿ. ಅಜ್ಜಿಯ ಬರ್ತ್ ಹುಡುಕು."

ಸುನಿತಾ ನೋಡಿದಳು. ಬೆರಳಲ್ಲಿ ಹಿಗ್ಗಿಸಿ ಮತ್ತೆ ನೋಡಿದಳು. "ಇದರಾಗ ಬರೇ ಕುರ್ಚಿ ಅದಾವಲ್ರಿ."

ಮೊಬೈಲು ಕೈಯಿಂದ ಕೈಗೆ ಹೋಯಿತು. ಲಿಂಗರಾಜನ ಹಣೆಯ ಮೇಲೆ ಬೆವರು ಮೂಡಿತು.

"ನಾನಿದ್ದ ಕಾಲಕ್ಕೆ..."

"ನೀವಿದ್ದ ಕಾಲನೇ ಇಲ್ಲ ಸರ್," ಎಂದಳು ಗಂಗೋತ್ರಿ. "ಆ ದಾರಿಯಾಗ ಒಮ್ಮೆ ಹಗಲು ಹೊತ್ತಿನಾಗ ಓಡಾಡಿದವರೂ ಈ ಮಾತು ಹೇಳಂಗಿಲ್ಲ. ನೀವು ವಿಯೆನ್ನಾಕ್ಕ ಹೋಗೇ ಇಲ್ಲ. ಇವತ್ತ ರಾತ್ರಿ ಹೊರಟಿದ್ರ ಅದು ಇವರ ಕಣ್ಮುಂದೆ ಬಯಲಾಗತಿತ್ತು. ಅದಕ್ಕ ಹೊರಡೋದನ್ನೇ ನಿಲ್ಲಿಸಿದ್ರಿ."

"ರೈಲಿನ ವಿಷಯದಲ್ಲಿ ತಪ್ಪು ಹೇಳಿದರೆ ಕಳ್ಳನಾಗಿಬಿಡುತ್ತೇನೆಯೇ?"

"ಇಲ್ಲ. ಅದು ಬರೇ ಕಾರಣ. ಕೆಲಸ ಬೆಳಿಗ್ಗೆ ಆತು. ನೀವು ಕಟ್ಟಿ ಮ್ಯಾಲೆ ಕುಂತ್ರಿ. ಕೊಟ್ರಬಸಮ್ಮ ಬಚ್ಚಲಮನ್ಯಾಗ. ಉಳಿದವರು ಮಾಳಿಗಿ ಮ್ಯಾಲೆ. ದುರುಗವ್ವ ಒಬ್ಬಾಕಿ ಅಡ್ಡ. ನೀರು ಕೇಳಿದ್ರಿ. ಆಕಿ ಮೊಣಕಾಲು ಎಷ್ಟು ನಿಧಾನ ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆಕಿ ಹೋಗಿ ಬರೋದರಾಗ ಒಳಗ ಹೋಗಿ ಬಂದ್ರಿ."

"ನಾನು ಕಟ್ಟೆ ಬಿಟ್ಟು ಎದ್ದಿಲ್ಲ."

"ಹುಲಿಗೇಶ್."

ಹುಲಿಗೇಶ್ ಒಂದು ಹೆಜ್ಜೆ ಮುಂದೆ ಬಂದ. "ಕಟ್ಟಿ ಖಾಲಿ ಇತ್ರಿ. ಚಪ್ಪಲಿ ಕೆಳಗ ಇದ್ವು. ಇವೇ, ಈಗ ಸರ್ ಬಿಟ್ಟು ಬಂದಿರೋವು. ಕಂದು ಪಟ್ಟೀವು."

"ಹೆದರಿ ಓಡೋ ಕಳ್ಳ ಚಪ್ಪಲಿ ಬಿಡಂಗಿಲ್ಲ, ಕಾಯಿಗೆ ಎಲಿ ಹಾಸಂಗಿಲ್ಲ," ಎಂದಳು ಗಂಗೋತ್ರಿ. "ಈ ಮನಿ ದೇವರಿಗೆ ಕೈ ಮುಗಿದವನೇ ಒಳಗ ಬಂದಾನ ಅಂತ ಬೆಳಿಗ್ಗೇನೇ ಗೊತ್ತಿತ್ತು. ಪೂಜಿ ಆದ ಗಂಟು ಸುಡಾಕ ನಿಮಗ ಮನಸ್ಸು ಬರಲಿಲ್ಲ. ಬಿಡಾಕ ಕಾಲುವಿಯಾಗ ನೀರಿರಲಿಲ್ಲ. ಅರಳಿಮರದ ಕೆಳಗಿಟ್ರಿ. ಇವತ್ತ ಮನಿಗೆ ಹೋದ ಮ್ಯಾಲೆ ನದಿಗೆ ಒಯ್ಯೋ ವಿಚಾರ ಇತ್ತು, ಹೌದಲ್ರಿ?"

ಅವಳು ಉಜ್ಜಿನಪ್ಪನ ಕಡೆ ಕೈ ಚಾಚಿದಳು. ಅವನು ಕೆಂಪು ಗಂಟನ್ನು ತಂದು ನಡುವೆ ಇಟ್ಟ.

ಮೊದಲು ಯಾರೋ ಬಿಕ್ಕಿದರು. ಆಮೇಲೆ ಎಲ್ಲರೂ ಒಟ್ಟಿಗೇ ನಗತೊಡಗಿದರು, ಅಳತೊಡಗಿದರು. ಕೊಟ್ರಬಸಮ್ಮ ಗಂಟನ್ನು ಎದೆಗವಚಿಕೊಂಡು ಕುಳಿತುಬಿಟ್ಟಳು.

ಲಿಂಗರಾಜ್ ಕನ್ನಡಕ ತೆಗೆದು ನೆಲದ ಮೇಲೆ ಕುಳಿತ. ಅವನ ಪಾಠದ ಕನ್ನಡ ಎತ್ತಲೋ ಹೋಗಿತ್ತು. "ಮುಂಬೈನಾಗ ಒಂದು ಹೋಟೆಲಿನಾಗ ಕೆಲಸಕ್ಕಿದ್ದೆ. ಊರಿಗೆ ಬಂದಾಗ ಕೋಟು ನೋಡಿ ಫಾರಿನ್ನಿಗೆ ಹೋಗಿದ್ದೇನು ಅಂದ್ರು. ವಿಯೆನ್ನಾ ಅಂತ ಬಾಯಿಗೆ ಬಂತು. ಆಮ್ಯಾಲೆ ಇಲ್ಲ ಅನ್ನಾಕ ಆಗಲೇ ಇಲ್ಲ. ಆ ಹೆಸರಿನ ಮ್ಯಾಲೇ ಮನಿ, ಕ್ಲಾಸು, ಮರ್ಯಾದಿ ಎಲ್ಲಾ ನಿಂತಿತ್ತು. ಪ್ರಪಂಚದಾಗ ಅಷ್ಟು ಊರು ಅದಾವ, ಇವರಿಗೆ ಕರೆ ಬಂದದ್ದೂ ಅಲ್ಲಿಂದಲೇ."

ದುರುಗವ್ವ ಗೋಡೆಗೆ ಕೈಕೊಟ್ಟು ಎದ್ದಳು. ನಿಧಾನಕ್ಕೆ ಅವನ ಹತ್ತಿರ ಹೋಗಿ ನಿಂತಳು.

"ಹೋಗಿಲ್ಲ ಅಂದ್ರ ಹೋಗಿಲ್ಲ ಅನ್ನಬೇಕಿತ್ತೋ ತಮ್ಮಾ," ಎಂದಳು. "ನಾವೇನು ಹೋದವರೇನು? ಎಲ್ಲಾರೂ ಕೂಡೇ ನೋಡತಿದ್ವಿ."

ಲಿಂಗರಾಜ್ ಮುಖ ಮುಚ್ಚಿಕೊಂಡ. ಅವನನ್ನು ಜೀಪಿಗೆ ಕರೆದೊಯ್ಯುವಾಗ ಓಣಿಯಲ್ಲಿ ನಿಂತಿದ್ದ ಅವನ ಹಳೆಯ ವಿದ್ಯಾರ್ಥಿಗಳು ತಲೆ ತಗ್ಗಿಸಿದರು.

* * *

ಗಂಗೋತ್ರಿ ಮೇಲಧಿಕಾರಿಗಳನ್ನು ಒಪ್ಪಿಸಿ, ಓಡಾಡಿ, ಸಹಿ ಹಾಕಿಸಿ, ಏಳು ಪಾಸ್‌ಪೋರ್ಟುಗಳನ್ನು ಬಿಡಿಸಿಕೊಟ್ಟಳು. ಅಷ್ಟರಲ್ಲಿ ಹೊಸ ಚಿಂತೆ ಎದ್ದಿತ್ತು. ದಾರಿ ತೋರಿಸುವವರು ಯಾರು?

"ನಾನು ತೋರಿಸ್ತೀನ್ರಿ," ಎಂದಳು ಸುನಿತಾ. ಬೆಳಗಿನಿಂದ ಮೂಲೆ ಬಿಡದ ಹುಡುಗಿ. "ಗಾಡಿ ನಂಬರು, ಬೋಗಿ ನಂಬರು, ಸೀಟು ನಂಬರು ಟಿಕೇಟಿನಾಗ ಐತಿ. ಬೋರ್ಡಿನಾಗ ಪ್ಲಾಟ್‌ಫಾರ್ಮು ಬರತೈತಿ. ಹೊಂದಿಸಿ ನೋಡಿದ್ರಾತು."

ಹಂಪಕ್ಕ ಲ್ಯಾಪ್‌ಟಾಪ್ ಹೊತ್ತು ಹಂಪಿಯಿಂದ ಓಡಿಬಂದಳು. ಸಂಜೆಯವರೆಗೆ ಪಡಸಾಲೆಯಲ್ಲಿ ಹೊಸ ಪಾಠ ನಡೆಯಿತು. ಕುರ್ಚಿಗಳನ್ನು ಎರಡೆರಡು ಸಾಲಾಗಿ ಹಾಕಿದರು. ಹುಲಿಗೇಶ್ ಸ್ವೆಟರ್ ಕೊಟ್ಟದ್ದು ಯಾವಾಗಲೋ ಯಾರೂ ನೋಡಲಿಲ್ಲ, ಆದರೆ ಸ್ಟೇಷನ್ನಿಗೆ ಬ್ಯಾಗು ಹೊತ್ತವನು ಅವನೇ.

ಎರಡು ದಿನದ ಮೇಲೆ ಸಂಜೆ ಠಾಣೆಯಲ್ಲಿ ಗಂಗೋತ್ರಿಯ ಫೋನ್ ಬಡಿದುಕೊಂಡಿತು. ವಿಡಿಯೋ ಕಾಲ್. ಕಿಟಕಿ, ಕಿಟಕಿಯಾಚೆ ಹಸಿರು ಗುಡ್ಡ, ಗುಡ್ಡದ ತುದಿಗೆ ಹಿಮ. ಒಬ್ಬರ ಮೇಲೊಬ್ಬರು ಬಿದ್ದು ಏಳು ಮುಖಗಳು. ಉಜ್ಜಿನಪ್ಪನೂ ಬಗ್ಗಿ ನೋಡಿದ.

"ಕಡೇ ಗಳಿಗ್ಯಾಗ ಪ್ಲಾಟ್‌ಫಾರ್ಮು ಬದಲಿ ಮಾಡಿದ್ರು ಮ್ಯಾಡಂ," ಎಂದಳು ಸುನಿತಾ. "ಬೋರ್ಡು ನೋಡಿ ಓಡಿಸಿಕೊಂಡು ಬಂದೆ. ಅಜ್ಜಿನೂ ಓಡಿದ್ಲು."

ಫೋನು ಕೊಟ್ರಬಸಮ್ಮನ ಕೈಗೆ ಹೋಯಿತು.

"ಈಗ ಆಸ್ಟ್ರಿಯಾದಾಗ ಅದೀವ್ರಿ," ಎಂದಳು. "ಗಡಿ ಯಾವಾಗ ದಾಟಿತೋ ಗೊತ್ತೇ ಆಗಲಿಲ್ಲ. ಗಾಡಿ ತುಸು ನಿಂತಂಗ ಆತು, ಹೋತು. ಒಂದು ದೇಶ ದಾಟೋದು ಇಷ್ಟು ಸಲೀಸು ಐತಿ ಮ್ಯಾಡಂ. ನಮ್ಮ ನಮ್ಮ ಮನಿ ಹೊಸ್ತಿಲು ದಾಟಾಕ ನಮಗ ಒಂದು ವರ್ಷ ಹಿಡೀತು ನೋಡ್ರಿ."

ಗಂಗೋತ್ರಿ ಕುರ್ಚಿಯಿಂದ ಎದ್ದಳು. ಅವಳು ಫೋನನ್ನು ಎತ್ತಿ ಹಿಡಿದು ಇಡೀ ಠಾಣೆಗೆ ಆ ಏಳು ಮುಖಗಳನ್ನು ತೋರಿಸಿದಳು.